ಡ್ಯುಯಲ್ ಬೂಟ್ ಮಾಡಿದವರಿಗೆ ಒಬ್ಬ ಹಳೇ ಇಂಜಿನಿಯರ್ ಕಥೆ

ಗೆಳೆಯರೇ, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಹಾಕಿಕೊಂಡವರಿಗೆ ಈ ಕಾಟ ಗೊತ್ತೇ ಇರುತ್ತೆ. ಉಬುಂಟುವಿನಲ್ಲಿ ಲ್ಯಾಬ್ ಪ್ರೋಗ್ರಾಂ ಮುಗಿಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಅದನ್ನು ಸರಿ ಮಾಡಿ ಮತ್ತೆ ಉಬುಂಟುಗೆ ಹೋದರೆ, ಇಂಟರ್‌ನೆಟ್ ಸಿಗೋವರೆಗೆ ಅಲ್ಲಿ ಐದೂವರೆ ಗಂಟೆ ಮುಂದೆ. ಟೈಮ್ ತಪ್ಪಿದ್ದರೆ ಬ್ರೌಸರ್ ಕೆಲವು ಸೈಟ್‌ಗಳನ್ನು ತೆರೆಯೋದೇ ಇಲ್ಲ, ಸೇವ್ ಮಾಡಿದ ಫೈಲ್‌ಗಳ ಮೇಲೆ ಇನ್ನೂ ಬಾರದ ಸಮಯ ಬಿದ್ದಿರುತ್ತೆ. ಬ್ಯಾಟರಿ ಹೋಯ್ತು ಅಂತ ರಿಪೇರಿ ಅಂಗಡಿಗೆ ಹೊರಡುವ ಮುಂಚೆ ಸರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಅವರ ಜೀವನ ಸ್ವಲ್ಪ ಓದಿ. ಇದೇ ಜಗಳವನ್ನು ಅವರು ನೂರನಲವತ್ತು ವರ್ಷಕ್ಕೂ ಹಿಂದೆ, ಇಡೀ ಭೂಮಿಯ ಮಟ್ಟದಲ್ಲಿ ಎದುರಿಸಿದ್ದರು.

ಫ್ಲೆಮಿಂಗ್ ಹುಟ್ಟಿದ್ದು 1827ರ ಜನವರಿ 7ರಂದು, ಸ್ಕಾಟ್ಲೆಂಡ್‌ನ ಕರ್ಕಾಲ್ಡಿ ಊರಿನಲ್ಲಿ. ಹದಿನಾಲ್ಕನೇ ವಯಸ್ಸಿಗೇ ಒಬ್ಬ ಸರ್ವೇಯರ್ ಹತ್ತಿರ ಕೆಲಸ ಕಲಿಯೋಕೆ ಸೇರಿದರು. 1845ರಲ್ಲಿ, ಅಂದರೆ ನಾವು ಫಸ್ಟ್ ಇಯರ್ ಸೇರುವ ವಯಸ್ಸಿನಲ್ಲಿ, ಅಣ್ಣನ ಜೊತೆ ಹಡಗು ಹತ್ತಿ ಕೆನಡಾಕ್ಕೆ ಹೋದರು. ಅವರ ಹತ್ತಿರ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಆಮೇಲೆ ಕಿಂಗ್‌ಸ್ಟನ್‌ನ ಕ್ವೀನ್ಸ್ ಯೂನಿವರ್ಸಿಟಿಗೆ 35 ವರ್ಷ ಚಾನ್ಸೆಲರ್ ಆಗಿದ್ದವರು ಇದೇ ಮನುಷ್ಯ ಅಂದರೆ ನಂಬೋದು ಕಷ್ಟ ಅಲ್ವಾ?

ಟೊರಾಂಟೊದಲ್ಲಿ ನಕ್ಷೆ ಬಿಡಿಸಿ, ಜಮೀನು ಅಳೆದು ಹೊಟ್ಟೆ ಹೊರೆದರು. 1849ರಲ್ಲಿ ಕೆಲವರ ಜೊತೆ ಸೇರಿ ಕೆನಡಿಯನ್ ಇನ್‌ಸ್ಟಿಟ್ಯೂಟ್ ಎಂಬ ವಿಜ್ಞಾನದ ಸಂಘ ಕಟ್ಟಿದರು. 1851ರಲ್ಲಿ ಕೆನಡಾದ ಮೊದಲ ಅಂಚೆಚೀಟಿಯನ್ನು ಡಿಸೈನ್ ಮಾಡಿದ್ದೂ ಇವರೇ. ಅದರ ಮೇಲೆ ರಾಜ ರಾಣಿಯರ ಮುಖದ ಬದಲು ಬೀವರ್ ಎಂಬ ಪ್ರಾಣಿಯನ್ನು ಕೂರಿಸಿದರು. ಆಮೇಲೆ ರೈಲ್ವೆಗೆ ಬಂದರು. ಇಂಟರ್‌ಕಲೋನಿಯಲ್ ರೈಲ್ವೆಗೆ ಚೀಫ್ ಇಂಜಿನಿಯರ್ ಆಗಿದ್ದಾಗ ಮರದ ಸೇತುವೆ ಅಗ್ಗ ಅಂತ ಮೇಲಿನವರು ಹೇಳಿದರೂ, ಕಬ್ಬಿಣದ್ದೇ ಆಗಬೇಕು ಅಂತ ಹಟ ಹಿಡಿದರು.

ಆ ಕಾಲದಲ್ಲಿ ಟೈಮ್ ಅನ್ನೋದು ಆಯಾ ಊರಿನ ಸ್ವಂತ ಆಸ್ತಿ. ಸೂರ್ಯ ನೆತ್ತಿಗೆ ಬಂದಾಗ ಆ ಊರಲ್ಲಿ ಹನ್ನೆರಡು. ನಮ್ಮ ಕಡೆಯ ಲೆಕ್ಕ ಹಾಕಿ ನೋಡಿ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ. ಬೆಂಗಳೂರಿಗಿಂತ ಮೈಸೂರಿನಲ್ಲಿ ಮಧ್ಯಾಹ್ನ ಸುಮಾರು 4 ನಿಮಿಷ ತಡ, ಮಂಗಳೂರಿನಲ್ಲಿ ಸುಮಾರು 11 ನಿಮಿಷ ತಡ. ಎತ್ತಿನ ಗಾಡಿಯಲ್ಲಿ ಹೋಗೋರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಒಂದೇ ಹಳಿಯ ಮೇಲೆ ಎರಡು ಕಡೆಯಿಂದ ರೈಲು ಬಿಡುವಾಗ ಇಬ್ಬರು ಸ್ಟೇಷನ್ ಮಾಸ್ಟರ್‌ಗಳ ಗಡಿಯಾರಗಳು ಒಪ್ಪದಿದ್ದರೆ ಪ್ರಾಣವೇ ಹೋಗುತ್ತೆ. ಉತ್ತರ ಅಮೆರಿಕದಲ್ಲಿ ಒಂದೊಂದು ರೈಲ್ವೆ ಕಂಪನಿಗೂ ಅದರದ್ದೇ ಟೈಮ್ ಇತ್ತು.

1876ರಲ್ಲಿ ಫ್ಲೆಮಿಂಗ್ ಐರ್ಲೆಂಡ್ ಪ್ರವಾಸದಲ್ಲಿದ್ದರು. ಬಂಡೋರನ್ ಎಂಬ ಸಣ್ಣ ಸ್ಟೇಷನ್ನಿಗೆ ಸಂಜೆ 5:35ರ ರೈಲು ಹಿಡಿಯೋಕೆ ಬಂದರು. ರೈಲು ಬರಲೇ ಇಲ್ಲ. ವೇಳಾಪಟ್ಟಿಯಲ್ಲಿ ಬೆಳಗ್ಗೆ ಅಂತ ಇರಬೇಕಾದ ಕಡೆ ಸಂಜೆ ಅಂತ ಅಚ್ಚಾಗಿತ್ತು. ರಾತ್ರಿಯೆಲ್ಲ ಅಲ್ಲೇ ಕಾಯಬೇಕಾಯ್ತು. ಬೇರೆಯವರಾದರೆ ಬೈದುಕೊಂಡು ಸುಮ್ಮನಾಗ್ತಿದ್ದರು. ಇವರು ಮಾತ್ರ, ದಿನಕ್ಕೆ ಎರಡು ಸಲ ಹನ್ನೆರಡು ಎಣಿಸೋ ಪದ್ಧತಿ ಯಾಕೆ, 24 ಗಂಟೆ ಅಂತಲೇ ಎಣಿಸಬಾರದಾ ಅಂತ ಬರೆಯೋಕೆ ಶುರು ಮಾಡಿದರು. ಅಲ್ಲಿಂದ ಯೋಚನೆ ಇನ್ನೂ ದೊಡ್ಡದಾಯ್ತು. 1879ರಲ್ಲಿ, ತಾವೇ ಕಟ್ಟಿದ ಕೆನಡಿಯನ್ ಇನ್‌ಸ್ಟಿಟ್ಯೂಟ್‌ನಲ್ಲಿ ತಮ್ಮ ಯೋಜನೆಯನ್ನು ಮುಂದಿಟ್ಟರು. ಇಡೀ ಭೂಮಿಗೆ ಒಂದೇ ಟೈಮ್ ಇರಲಿ, ಭೂಮಿಯನ್ನು 24 ಪಟ್ಟಿಗಳಾಗಿ ಹಂಚಿ ಒಂದೊಂದಕ್ಕೂ ಒಂದು ಅಕ್ಷರ ಕೊಡೋಣ ಅನ್ನೋದು ಅದರ ತಿರುಳು. ಆ ಒಂದೇ ಟೈಮ್‌ಗೆ ಕಾಸ್ಮಿಕ್ ಟೈಮ್ ಅಂತ ಹೆಸರಿಟ್ಟರು.

ಜನ ಇದನ್ನು ಸುಲಭವಾಗಿ ಒಪ್ಪಲಿಲ್ಲ. ನಮ್ಮೂರ ಮಧ್ಯಾಹ್ನವನ್ನು ಎಲ್ಲೋ ಇರೋ ಗಡಿಯಾರ ಹೇಗೆ ನಿರ್ಧರಿಸುತ್ತೆ ಅನ್ನೋದು ಅವರ ಪ್ರಶ್ನೆ. ಆ ಪ್ರಶ್ನೆ ದಡ್ಡತನದ್ದಲ್ಲ. ಬೆಳಗ್ಗೆ ಏಳೋದು, ಊಟ, ಅಂಗಡಿ ಎಲ್ಲವೂ ಸೂರ್ಯನ ಜೊತೆ ನಡೆಯೋದು. ಫ್ಲೆಮಿಂಗ್‌ಗೂ ಇದು ಅರ್ಥವಾಗಿತ್ತು. ಅವರು ಲಂಡನ್ನಿನಲ್ಲಿ ಒಂದು ವಿಶೇಷ ಜೇಬುಗಡಿಯಾರ ಮಾಡಿಸಿಕೊಂಡರು. ಅದರ ಒಂದು ಡಯಲ್‌ನಲ್ಲಿ ಊರಿನ ಟೈಮ್, ಇನ್ನೊಂದರಲ್ಲಿ ಕಾಸ್ಮಿಕ್ ಟೈಮ್. ಅಂದರೆ ಲೆಕ್ಕಕ್ಕೆ ಒಂದು, ಬದುಕಿಗೆ ಇನ್ನೊಂದು.

ಈ ಓಡಾಟದ ಮಧ್ಯೆ 1880ರಲ್ಲಿ ಅವರಿಗೆ ದೊಡ್ಡ ಪೆಟ್ಟು ಬಿತ್ತು. ಕೆನಡಿಯನ್ ಪೆಸಿಫಿಕ್ ರೈಲ್ವೆಯ ಕೆಲಸ ನಿಧಾನ, ಖರ್ಚು ಜಾಸ್ತಿ ಅನ್ನೋ ಟೀಕೆ ಎದ್ದು ಚೀಫ್ ಇಂಜಿನಿಯರ್ ಹುದ್ದೆ ಹೋಯ್ತು. ಆದರೂ ಟೈಮ್ ವಿಷಯ ಬಿಡಲಿಲ್ಲ. 1883ರ ನವೆಂಬರ್ 18ರಂದು ಅಮೆರಿಕ ಮತ್ತು ಕೆನಡಾದ ರೈಲ್ವೆಗಳು ಗಂಟೆ ಗಂಟೆಯ ವಲಯಗಳಿಗೆ ಬದಲಾದವು. ಆ ಕೆಲಸವನ್ನು ನಡೆಸಿಕೊಟ್ಟವರು ವಿಲಿಯಂ ಅಲೆನ್. ಅದಕ್ಕೂ ಮೊದಲು ಚಾರ್ಲ್ಸ್ ಡೌಡ್ ಎಂಬ ಮೇಷ್ಟ್ರು ಇಂಥದ್ದೇ ಯೋಜನೆ ಕೊಟ್ಟಿದ್ದರು. ಹಾಗಾಗಿ ಟೈಮ್ ಜೋನ್ ಕಂಡುಹಿಡಿದವರು ಫ್ಲೆಮಿಂಗ್ ಒಬ್ಬರೇ ಅಂತ ಹೇಳೋದು ಸರಿಯಲ್ಲ. ದೇಶದೇಶಗಳ ಸರ್ಕಾರಗಳ ಬೆನ್ನು ಬಿದ್ದು ಅದನ್ನು ಜಗತ್ತಿನ ವಿಷಯ ಮಾಡಿದ್ದು ಅವರ ಸಾಧನೆ. 1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಸಭೆ ಸೇರಿ, 22 ಮತಗಳಿಂದ ಗ್ರೀನಿಚ್ ಅನ್ನು ಸೊನ್ನೆ ರೇಖಾಂಶ ಅಂತ ಒಪ್ಪಿತು. ಫ್ಲೆಮಿಂಗ್ ಕೇಳಿದ ವಲಯಗಳನ್ನು ಮಾತ್ರ ಆ ಸಭೆ ಯಾರ ಮೇಲೂ ಹೇರಲಿಲ್ಲ. ಒಂದೊಂದೇ ದೇಶ ನಿಧಾನವಾಗಿ ಆ ದಾರಿಗೆ ಬಂತು.

ನಮ್ಮ ದೇಶ ಬಂದ ಬಗೆ ಇನ್ನೂ ಸ್ವಾರಸ್ಯ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ಗೆ ರೈಲು ಬಂತು, ಈಗಲೂ ವೈಟ್‌ಫೀಲ್ಡ್ ಮೇಲೆ ಹೋಗೋ ದಾರಿ ಅದೇ. ಆ ಕಾಲದಲ್ಲಿ ಭಾರತದ ರೈಲುಗಳು ಮದ್ರಾಸ್ ಟೈಮ್‌ಗೆ ನಡೆಯುತ್ತಿದ್ದವು, ಅದು ಗ್ರೀನಿಚ್‌ಗಿಂತ ಸುಮಾರು 5 ಗಂಟೆ 21 ನಿಮಿಷ ಮುಂದೆ. ಬೆಂಗಳೂರಿನ ಸೂರ್ಯನಿಗೂ ಆ ಟೈಮ್‌ಗೂ ಸುಮಾರು 10 ನಿಮಿಷ ವ್ಯತ್ಯಾಸ. 1906ರಲ್ಲಿ ಐಎಸ್‌ಟಿ ಬಂತು. 5ಕ್ಕೂ 6ಕ್ಕೂ ನಡುವೆ 82.5 ಡಿಗ್ರಿ ರೇಖಾಂಶ ಹಿಡಿದು ಐದೂವರೆ ಗಂಟೆ ಅಂತ ನಿಶ್ಚಯಿಸಿದರು. ಕಲ್ಕತ್ತಾ 1948ರವರೆಗೂ, ಬಾಂಬೆ 1955ರವರೆಗೂ ತಮ್ಮ ಹಳೇ ಟೈಮ್ ಬಿಡಲಿಲ್ಲ!

ಈಗ ಲ್ಯಾಪ್‌ಟಾಪ್‌ಗೆ ಬರೋಣ. ಮದರ್‌ಬೋರ್ಡ್ ಮೇಲೆ ಒಂದು ಪುಟ್ಟ ಗಡಿಯಾರ ಇದೆ, ಮೆಷಿನ್ ಆಫ್ ಆದರೂ ಓಡ್ತಿರುತ್ತೆ. ಅದರಲ್ಲಿ ತಾರೀಖು, ಗಂಟೆ, ನಿಮಿಷ ಇರುತ್ತೆ. ಇದು ಯಾವ ಊರಿನ ಟೈಮ್ ಅಂತ ಬರೆದಿರಲ್ಲ. ಬೆಳಗ್ಗೆ 10 ಗಂಟೆ ಅಂದ್ಕೊಳ್ಳಿ. ಲಿನಕ್ಸ್ ಅಲ್ಲಿ ಯುಟಿಸಿ, ಅಂದರೆ 4:30 ಅಂತ ಬರೆಯುತ್ತೆ. ತೋರಿಸುವಾಗ ಮಾತ್ರ ಐದೂವರೆ ಕೂಡುತ್ತೆ. ವಿಂಡೋಸ್ ಅದೇ 4:30 ಅನ್ನು ನಮ್ಮೂರ ಟೈಮ್ ಅಂತ ಓದುತ್ತೆ. ಹಳೇ ಡಾಸ್ ಕಾಲದಿಂದ ಬಂದ ಪದ್ಧತಿ ಅದು, ಮನೆಯಲ್ಲಿ ಒಂದೇ ಪಿಸಿ ಇದ್ದಾಗ ಅದೇ ಸಾಕಿತ್ತು. ಗಡಿಯಾರ ಕೆಟ್ಟಿಲ್ಲ, ಓದೋ ಇಬ್ಬರಿಗೆ ಒಪ್ಪಂದ ಇಲ್ಲ ಅಷ್ಟೇ.

ದಾರಿ ಎರಡಿವೆ. ಒಂದು, ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನ ಸೆಟ್-ಲೋಕಲ್-ಆರ್‌ಟಿಸಿ ಆಯ್ಕೆಗೆ 1 ಕೊಟ್ಟು, ಅದನ್ನೂ ಊರಿನ ಟೈಮ್‌ಗೆ ಎಳೆಯೋದು. ಇನ್ನೊಂದು, ವಿಂಡೋಸ್ ರಿಜಿಸ್ಟ್ರಿಯ ಟೈಮ್‌ಜೋನ್ ಇನ್ಫರ್ಮೇಷನ್ ಕೀ ಒಳಗೆ ರಿಯಲ್‌ಟೈಮ್ ಈಸ್ ಯೂನಿವರ್ಸಲ್ ಅನ್ನೋ ಹೆಸರಿನ (ಮಧ್ಯೆ ಜಾಗ ಬಿಡದೆ) ಡಿ-ವರ್ಡ್ ಮಾಡಿ 1 ಹಾಕಿ ರೀಸ್ಟಾರ್ಟ್ ಮಾಡೋದು. ಎರಡರಲ್ಲಿ ಒಂದನ್ನೇ ಮಾಡಿ. ಎರಡೂ ಮಾಡಿದರೆ ತಪ್ಪು ಉಲ್ಟಾ ಆಗಿ ಮತ್ತೆ ಬರುತ್ತೆ. ನನ್ನ ಓಟು ಎರಡನೆಯದಕ್ಕೆ. ಒಳಗೆ ಒಂದೇ ಟೈಮ್ ಇಟ್ಟು, ಹೊರಗೆ ಬೇಕಾದ ಹಾಗೆ ತೋರಿಸೋದು ಫ್ಲೆಮಿಂಗ್ ಅವರ ಎರಡು ಡಯಲ್ ಗಡಿಯಾರದ್ದೇ ರೀತಿ. ನಾಳೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಬೇರೆ ದೇಶದ ಸರ್ವರ್ ಯಾವಾಗ ಬಿತ್ತು ಅಂತ ಲಾಗ್ ಹುಡುಕುವಾಗ, ಎರಡೂ ಕಡೆಯವರು ಒಂದೇ ಯುಟಿಸಿ ಇಟ್ಟುಕೊಂಡಿದ್ದರೆ ಮಾತ್ರ ಮೊದಲು ಏನಾಯ್ತು, ಆಮೇಲೆ ಏನಾಯ್ತು ಅಂತ ಗೊತ್ತಾಗೋದು.

1897ರಲ್ಲಿ ಫ್ಲೆಮಿಂಗ್ ಸರ್ ಆದರು. ಅವರು ವರ್ಷಗಟ್ಟಲೆ ಒತ್ತಾಯಿಸಿದ್ದ ಪೆಸಿಫಿಕ್ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ 1902ರಲ್ಲಿ ಮುಗಿಯಿತು. 1915ರ ಜುಲೈ 22ರಂದು ಹ್ಯಾಲಿಫ್ಯಾಕ್ಸ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗಲೂ ಬಾಂಬೆ ಮತ್ತು ಕಲ್ಕತ್ತಾದ ಗಡಿಯಾರಗಳು ಐಎಸ್‌ಟಿಗೆ ಒಪ್ಪಿರಲಿಲ್ಲ. ನಮ್ಮ ಲ್ಯಾಪ್‌ಟಾಪ್‌ಗಳನ್ನಾದರೂ ಈ ವಾರ ಒಪ್ಪಿಸೋಣ.