ಎರಡು ನುಡಿಗಳ ಗುರು: ಆಚಾರ್ಯ ಬಿ.ಎಂ.ಶ್ರೀ

ಇಂಗ್ಲಿಷ್ ಪಾಠ ಹೇಳುವ ವೃತ್ತಿಯಲ್ಲಿದ್ದುಕೊಂಡು ಕನ್ನಡಕ್ಕೆ ಹೊಸ ಬಾಳನ್ನು ತಂದವರು ಯಾರೆಂದು ಕೇಳಿದರೆ, ಮೊದಲು ನೆನಪಿಗೆ ಬರುವ ಹೆಸರು ಬಿ.ಎಂ. ಶ್ರೀಕಂಠಯ್ಯನವರದು. ಕನ್ನಡದ ಕಣ್ವರೆಂದು ನಾಡು ಅವರನ್ನು ಗೌರವಿಸಿದೆ.

ಶ್ರೀಯವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಅವರ ವಂಶದ ಊರು ಬೆಳ್ಳೂರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಮದರಾಸಿನಲ್ಲಿಯೂ ಉನ್ನತ ವ್ಯಾಸಂಗ ಮಾಡಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು. 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸ ಮಾಡಿ, ಕನ್ನಡವು ತಲೆಯೆತ್ತುವ ದಾರಿಯನ್ನು ತೋರಿಸಿದರು.

ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವುದು ಸುಲಭದ ಕೆಲಸವಲ್ಲ. ಎರಡರ ವಾಕ್ಯರಚನೆಯೂ ಬೇರೆ ಬೇರೆ. ಕನ್ನಡದಲ್ಲಿ ‘ಬಂದೆನು’ ಎಂದರೆ ಸಾಕು, ಬಂದವನು ನಾನೆಂದು ಕ್ರಿಯಾಪದವೇ ಸಾರುತ್ತದೆ. ‘ಬಂದಳು’ ಎಂದರೆ ಹೆಣ್ಣೆಂಬುದೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಕೇಮ್’ ಎಂಬ ಒಂದೇ ರೂಪ ಎಲ್ಲರಿಗೂ ಸಲ್ಲುವುದರಿಂದ, ಬಂದವರು ಯಾರೆಂದು ಕರ್ತೃಪದವೇ ಹೇಳಬೇಕು. ಅಲ್ಲಿ ಸಾಮಾನ್ಯ ವಾಕ್ಯಕ್ಕೆ ಕರ್ತೃವೂ ಪೂರ್ಣಕ್ರಿಯೆಯೂ ಎರಡು ಕಾಲುಗಳಿದ್ದಂತೆ. ‘ಇಟ್ ಈಸ್ ರೈನಿಂಗ್’ ಎಂಬಲ್ಲಿ ‘ಇಟ್’ ಯಾವ ವಸ್ತುವನ್ನೂ ಹೇಳುವುದಿಲ್ಲ. ಆದರೂ ಕರ್ತೃವಿನ ಪೀಠ ಬರಿದಾಗಬಾರದೆಂದು ಅಲ್ಲಿ ಕುಳಿತಿದೆ. ‘ಅವರು ನಮ್ಮ ಮೇಷ್ಟ್ರು’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ಅದು ನಿಲ್ಲದು. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬಂದರೆ, ಅವರದು ಕರ್ತೃವಿನ ಬೆನ್ನಿಗೇ ಬರುತ್ತದೆ.

ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದನ್ನು ಮೂಲದೊಡನೆ ಹೋಲಿಸಿ ಓದಿದರೆ ಈ ಮರ್ಮ ಸ್ಪಷ್ಟವಾಗುತ್ತದೆ. ನ್ಯೂಮನ್ ಕವಿಯ ಪ್ರಸಿದ್ಧ ಪ್ರಾರ್ಥನೆ ಇಂಗ್ಲಿಷಿನಲ್ಲಿ ಕ್ರಿಯಾಪದದಿಂದಲೇ ಆರಂಭವಾಗುತ್ತದೆ. ಶ್ರೀಯವರ ಕನ್ನಡದಲ್ಲಿ ಮೊದಲು ಬರುವುದು ಕರುಣೆಯನ್ನು ಸೂಚಿಸುವ ಪದ, ಕ್ರಿಯೆ ಆಮೇಲೆ. ಅವರು ಪದಕ್ಕೆ ಪದವಿಟ್ಟು ಎಣಿಸಲಿಲ್ಲ; ಭಾವವನ್ನು ಗ್ರಹಿಸಿ, ಕನ್ನಡದ ನಡೆಗೆ ಒಗ್ಗಿಸಿದರು. ಆದಿಪ್ರಾಸದ ಕಟ್ಟನ್ನು ಸಡಿಲಿಸಿ ಹೊಸ ಛಂದಸ್ಸಿಗೆ ಹಾದಿ ಮಾಡಿಕೊಟ್ಟರು. ಹೊಸಗನ್ನಡ ಕಾವ್ಯದ ಒಂದು ದೊಡ್ಡ ಕಾಲುವೆ ಅಲ್ಲಿಂದ ಹರಿಯಿತು.

1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ‘ಗದಾಯುದ್ಧ ನಾಟಕಂ’, ‘ಅಶ್ವತ್ಥಾಮನ್’, ‘ಪಾರಸಿಕರು’ ನಾಟಕಗಳನ್ನು ರಚಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು. ನಿವೃತ್ತಿಯ ನಂತರವೂ ವಿಶ್ರಮಿಸದೆ ಧಾರವಾಡಕ್ಕೆ ಹೋಗಿ ಕಾಲೇಜಿನ ಹೊಣೆ ಹೊತ್ತರು; 1946ರ ಜನವರಿ 5ರಂದು ಅಲ್ಲಿಯೇ ಕಾಲವಾದರು.

ಈ ಬಾಳು ನಮಗೇಕೆ ಮುಖ್ಯ? ನಮ್ಮ ಮಹದೇವಪುರದ ಸುತ್ತಲೂ ಗಾಜಿನ ಕಟ್ಟಡಗಳು ಎದ್ದಿವೆ. ಅವುಗಳೊಳಗೆ ಉದ್ಯೋಗ ಬೇಕಾದರೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಸರಿಯಾಗಿ ಆಡಬೇಕು. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ, ತಪ್ಪಿದ ಒಂದು ‘ಈಸ್’ ಅನ್ನದ ಪ್ರಶ್ನೆಯಾಗಬಹುದು. ಅದು ಬುದ್ಧಿಯ ಕೊರತೆಯಲ್ಲ. ತಾಯ್ನುಡಿಯ ನಡೆ ಬೇರೆ, ಅಷ್ಟೆ. ಆ ಭೇದವನ್ನು ತಿಳಿದವನಿಗೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲವನು ಇಂಗ್ಲಿಷಿಗೆ ಅಂಜಬೇಕಾಗಿಲ್ಲ, ಇಂಗ್ಲಿಷ್ ಕಲಿತವನು ಕನ್ನಡವನ್ನು ತೊರೆಯಬೇಕಾಗಿಲ್ಲ ಎಂಬುದಕ್ಕೆ ಶ್ರೀಯವರ ಬಾಳೇ ಸಾಕ್ಷಿ. ಸಹಪಾಠಿಗಳೇ, ಎರಡನ್ನೂ ಶ್ರದ್ಧೆಯಿಂದ ಕಲಿಯುವುದೇ ನಾವು ಆ ಗುರುವಿಗೆ ಸಲ್ಲಿಸಬಹುದಾದ ಕಾಣಿಕೆ.