ಕ್ರಿಸ್ಟಲ್ ಈಸ್ಟ್‌ಮನ್: ಸಾವುಗಳ ಲೆಕ್ಕ ಬರೆದ ಲಾಯರ್

ಮೆಕ್ಯಾನಿಕಲ್, ಸಿವಿಲ್ ಅಂತ ಓದೋ ನಮಗೆ ಲಾಯರ್ ಒಬ್ಬರ ಕಥೆ ಯಾಕೆ ಅಂತ ನೀವು ಕೇಳಬಹುದು. ನಾಳೆ ನಾವು ಕೆಲಸಕ್ಕೆ ಸೇರೋ ಕಾರ್ಖಾನೆಯಲ್ಲಿ ಯಾರದೋ ಕೈ ಯಂತ್ರಕ್ಕೆ ಸಿಕ್ಕಿದ್ರೆ ಆ ಮನೆಯ ಗತಿ ಏನು? ನೂರು ವರ್ಷಕ್ಕೂ ಹಿಂದೆ ಈ ಪ್ರಶ್ನೆಯ ಬೆನ್ನುಹತ್ತಿದವರು ಕ್ರಿಸ್ಟಲ್ ಈಸ್ಟ್‌ಮನ್.

ಹುಟ್ಟಿದ್ದು 1881ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಪಾದ್ರಿಗಳು. ಕೊಲಂಬಿಯಾದಲ್ಲಿ ಸಮಾಜಶಾಸ್ತ್ರ ಓದಿ, 1907ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ತರಗತಿಗೇ ಎರಡನೆಯವರು.

ಪದವಿ ಮುಗಿದ ಕೂಡಲೇ ಉಕ್ಕಿನ ನಗರ ಪಿಟ್ಸ್‌ಬರ್ಗ್‌ಗೆ ಹೋದರು. ಅಲ್ಲಿನ ಅಲಿಗೆನಿ ಕೌಂಟಿಯಲ್ಲಿ 1906ರ ಜುಲೈಯಿಂದ ಒಂದೇ ವರ್ಷದಲ್ಲಿ ಕೆಲಸದ ವೇಳೆ ಸತ್ತವರು 526 ಜನ: ಉಕ್ಕಿನ ಕೆಲಸಗಾರರು 195, ರೈಲ್ವೆಯವರು 125, ಗಣಿಯವರು 71, ಉಳಿದವರು 135. ಈಸ್ಟ್‌ಮನ್ ಒಂದೊಂದು ಸಾವನ್ನೂ ಬೆನ್ನಟ್ಟಿ, ಅಪಘಾತ ಹೇಗಾಯ್ತು, ಮನೆಯವರಿಗೆ ಏನು ಸಿಕ್ತು ಅಂತ ವಿಚಾರಿಸಿದರು. ಕೆಲಸಗಾರರ ಅಜಾಗರೂಕತೆಯೇ ಕಾರಣ ಅನ್ನೋ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ದಾಖಲೆಗಳು ಬೇರೆಯೇ ಹೇಳಿದವು: ದೀರ್ಘ ಪಾಳಿ, ದಣಿವು, ಅವಸರ, ರಕ್ಷಣೆಯಿಲ್ಲದ ಯಂತ್ರ. ಸತ್ತ ವಿವಾಹಿತರ ಕುಟುಂಬಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಸಿಕ್ಕಿದ್ದು ನೂರು ಡಾಲರ್ ಅಥವಾ ಅದಕ್ಕೂ ಕಡಿಮೆ.

ಕೋರ್ಟಿಗೆ ಹೋಗಬಹುದಿತ್ತಲ್ಲ? ಹೋದರೆ ಮಾಲೀಕರ ಕೈಲಿ ಮೂರು ಅಸ್ತ್ರ. ನಿನ್ನದೂ ಸ್ವಲ್ಪ ತಪ್ಪಿದೆ. ತಪ್ಪು ನಿನ್ನ ಜೊತೆಗಾರನದು, ನನ್ನದಲ್ಲ. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದೀಯ. ಒಂದು ನಾಟಿದರೂ ಸಾಕು, ಕೇಸು ಬಿತ್ತು.

ಈ ಅಧ್ಯಯನ 1910ರಲ್ಲಿ ಪುಸ್ತಕವಾಯ್ತು. ಅಷ್ಟರಲ್ಲಿ ನ್ಯೂಯಾರ್ಕ್ ಗವರ್ನರ್ ಹ್ಯೂಸ್ ಅವರು ಈಸ್ಟ್‌ಮನ್‌ರನ್ನು ಈ ವಿಷಯದ ಆಯೋಗಕ್ಕೆ ನೇಮಿಸಿದ್ದರು. ಅದರಲ್ಲಿದ್ದ ಒಬ್ಬಳೇ ಮಹಿಳೆ ಅವರು. ತಪ್ಪು ಯಾರದು ಅಂತ ಕೇಳದೆ ಪರಿಹಾರ ಕೊಡುವ ಕಾನೂನು ಅದೇ ವರ್ಷ ಬಂತು.

ಆದರೆ 1911ರ ಮಾರ್ಚ್ 24ರಂದು ರಾಜ್ಯದ ಉನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ತಪ್ಪಿಲ್ಲದ ಮಾಲೀಕನಿಂದ ಹಣ ಕೊಡಿಸೋದು ಸಂವಿಧಾನಕ್ಕೆ ವಿರುದ್ಧ ಅಂತ. ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಕೊನೆಗೆ ರಾಜ್ಯ ತನ್ನ ಸಂವಿಧಾನವನ್ನೇ ತಿದ್ದಿ ಹೊಸ ಕಾನೂನು ತಂದಿತು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಖಚಿತ ಪರಿಹಾರದ ಬದಲಿಗೆ, ದೊಡ್ಡ ಮೊತ್ತಕ್ಕಾಗಿ ದಾವೆ ಹೂಡುವ ಹಕ್ಕನ್ನು ಕಾರ್ಮಿಕರು ಬಹುಮಟ್ಟಿಗೆ ಬಿಟ್ಟುಕೊಡಬೇಕಾಯ್ತು ಅನ್ನೋದೂ ನಿಜ.

ಮುಂದೆ ಅವರು ಮಹಿಳೆಯರ ಮತದಾನ, ಯುದ್ಧವಿರೋಧ, ನಾಗರಿಕ ಹಕ್ಕುಗಳಿಗಾಗಿ ದುಡಿದು 1928ರಲ್ಲಿ, 47ರ ವಯಸ್ಸಿಗೇ ತೀರಿಕೊಂಡರು.

ನಮ್ಮ ದೇಶಕ್ಕೆ ಇಂಥ ಕಾನೂನು ಬಂದದ್ದು 1923ರಲ್ಲಿ. ಇಷ್ಟಾದರೂ ಅಪಘಾತ ವರದಿಯಲ್ಲಿ ಕೆಲಸಗಾರನ ಅಜಾಗರೂಕತೆ ಅಂತ ಒಂದೇ ಸಾಲು ಬರೆದು ಮುಗಿಸೋದು ಬಹಳ ಸುಲಭ. ಆ ವರದಿಗೆ ಸಹಿ ಹಾಕೋ ಎಂಜಿನಿಯರ್ ನಾವಾಗಿದ್ರೆ, ಮೊದಲು ಯಂತ್ರದ ಗಾರ್ಡ್, ಪಾಳಿಯ ಅವಧಿ ಎರಡನ್ನೂ ನೋಡೋಣ.