ರೇಡಿಯೋ ಗೋಪಾಲಸ್ವಾಮಿ ಗೊತ್ತು, ಸೈಕಾಲಜಿ ಮೇಷ್ಟ್ರು ಗೋಪಾಲಸ್ವಾಮಿ ಗೊತ್ತಾ?

ಮೈಸೂರಿಗೆ ಮನಶ್ಶಾಸ್ತ್ರ ತಂದವರೂ ಅವರೇ, ಆಕಾಶವಾಣಿ ತಂದವರೂ ಅವರೇ. ಒಂದು ಮನೆಮನೆಗೆ ಹೋಯಿತು, ಇನ್ನೊಂದು ಕಾಲೇಜಿನ ಗೇಟು ದಾಟೋದಕ್ಕೆ ಇನ್ನೂ ಹೆಣಗಾಡುತ್ತಿದೆ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಅಂದ ಕೂಡಲೇ ದೇವೇಗೌಡರ ಹೆಸರು ಬರುತ್ತದೆ. ಪ್ರಧಾನಿಯಾದ ಆ ಮನುಷ್ಯ ಓದಿದ್ದು ಸಿವಿಲ್ ಡಿಪ್ಲೊಮಾ. ನಮ್ಮ ಹಾಸನದ ಕಡೆ ಓದು ಅಂದರೆ ಇವತ್ತಿಗೂ ಹೆಚ್ಚುಕಡಿಮೆ ಅದೇ ದಾರಿ. ಡಿಪ್ಲೊಮಾ, ಬಿಇ, ಇಲ್ಲಾಂದ್ರೆ ನರ್ಸಿಂಗ್, ಬಿಎಡ್. ನಾನೂ ಬಿಇ ಮುಗಿಸಿಯೇ ಪತ್ರಿಕೋದ್ಯಮಕ್ಕೆ ಬಂದವನು. ಆದರೆ ಈಚೀಚೆಗೆ ಪಿಯುಸಿ ರಿಸಲ್ಟ್ ಬಂದ ವಾರ ಊರ ಕಡೆಯಿಂದ ಬರುವ ಫೋನುಗಳಲ್ಲಿ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ. ಮಗಳು ಸೈಕಾಲಜಿ ಓದ್ತೀನಿ ಅಂತಿದಾಳೆ, ಅದನ್ನ ಓದಿದ್ರೆ ಏನಾಗ್ತಾಳೆ?

ಹುಡುಗಿಗೆ ಇದು ಫ್ಯಾಷನ್ ಅಂತ ತಳ್ಳಿಹಾಕುವವರಿಗೆ ಒಂದು ವಿಷಯ ಹೇಳಬೇಕು. ಹಾಸನದಿಂದ ಮೂರು ತಾಸಿನ ದಾರಿಯ ಮೈಸೂರಿನಲ್ಲಿ ಈ ವಿಷಯ ಕಲಿಸಲು ಶುರುಮಾಡಿ ನೂರು ವರ್ಷ ದಾಟಿದೆ. ಶುರುಮಾಡಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಅವರ ಬದುಕು ಗೊತ್ತಾದರೆ ಆ ಫೋನಿನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಯಾಕೆ ಇನ್ನೂ ಸಿಕ್ಕಿಲ್ಲ ಅನ್ನೋದೂ ತಿಳಿಯುತ್ತದೆ.

ಗೋಪಾಲಸ್ವಾಮಿ ಪಿಎಚ್‌ಡಿ ಮಾಡಿದ್ದು ಲಂಡನ್ ವಿಶ್ವವಿದ್ಯಾಲಯದಲ್ಲಿ, ಚಾರ್ಲ್ಸ್ ಸ್ಪಿಯರ್‌ಮನ್ ಗರಡಿಯಲ್ಲಿ. ಸ್ಪಿಯರ್‌ಮನ್ ಮೊದಲು ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಮನಸ್ಸಿನ ಅಧ್ಯಯನಕ್ಕೆ ಬಂದವರು. ಗಣಿತದಲ್ಲಿ ಜಾಣನಾದ ಹುಡುಗ ಸಾಮಾನ್ಯವಾಗಿ ಭಾಷೆಯಲ್ಲೂ ಪರವಾಗಿಲ್ಲ ಅನ್ನಿಸುತ್ತಾನಲ್ಲ, ಈ ಎಲ್ಲದರ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆಯೇ ಎಂದು 1904ರಲ್ಲಿ ಲೆಕ್ಕ ಹಾಕಿದವರು ಅವರು. ಆ ಲೆಕ್ಕದಿಂದ ಹುಟ್ಟಿದ ಫ್ಯಾಕ್ಟರ್ ಅನಾಲಿಸಿಸ್ ಅನ್ನು ಇವತ್ತು ಡೇಟಾ ಸೈನ್ಸ್ ಕಲಿಯುವ ಎಂಜಿನಿಯರುಗಳೂ ಓದುತ್ತಾರೆ. ಅದು ಮನಶ್ಶಾಸ್ತ್ರದ ಕೂಸು ಅಂತ ಹೆಚ್ಚಿನವರಿಗೆ ಗೊತ್ತಿರೋದಿಲ್ಲ.

ಗೋಪಾಲಸ್ವಾಮಿಯವರ ಸಂಶೋಧನೆ ಕೈಯ ಕಲಿಕೆಯ ಬಗ್ಗೆ. 1924 ಮತ್ತು 1925ರಲ್ಲಿ ಅದು ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು. ಅವರು ಬಳಸಿದ ಕನ್ನಡಿ ಪ್ರಯೋಗವನ್ನು ಇಂದಿಗೂ ಪದವಿ ವಿದ್ಯಾರ್ಥಿಗಳು ಪ್ರಾಕ್ಟಿಕಲ್ಸ್‌ನಲ್ಲಿ ಮಾಡುತ್ತಾರೆ. ಕಾಗದದ ಮೇಲೆ ನಕ್ಷತ್ರದಂಥ ಒಂದು ಚಿತ್ರ. ನಿಮ್ಮ ಕೈ ನಿಮಗೆ ನೇರ ಕಾಣದಂತೆ ಅಡ್ಡ ಇಟ್ಟಿರುತ್ತಾರೆ. ಎದುರಿನ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮೊದಲು ಕೈ ತಪ್ಪು ದಿಕ್ಕಿಗೇ ಹೋಗುತ್ತದೆ. ಹತ್ತಾರು ಸಲ ಮಾಡಿದ ಮೇಲೆ ಹಿಡಿಯುವ ಸಮಯವೂ ಇಳಿಯುತ್ತದೆ, ತಪ್ಪುಗಳೂ ಇಳಿಯುತ್ತವೆ. ಕಲಿಕೆ ಅನ್ನೋದನ್ನು ಸೆಕೆಂಡಿನಲ್ಲಿ, ತಪ್ಪುಗಳ ಎಣಿಕೆಯಲ್ಲಿ ಅಳೆಯಬಹುದು ಅನ್ನೋದೇ ಇದರ ಪಾಠ.

ಆಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಬಂಗಾಳದ ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿಕೊಟ್ಟವರೂ ಅವರೇ. ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ 1916ರಲ್ಲಿ ಅಲ್ಲೇ ಶುರುವಾಗಿತ್ತು. ಎಂಟು ವರ್ಷದ ನಂತರ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಗೋಪಾಲಸ್ವಾಮಿ ವಿಭಾಗ ಕಟ್ಟಿದರು. ತತ್ವಶಾಸ್ತ್ರದ ಒಂದು ಅಧ್ಯಾಯವಾಗಿದ್ದ ಮನಸ್ಸಿಗೆ ಪ್ರಯೋಗಾಲಯ ಬಂತು, ಪ್ರಾಣಿಗಳ ಮೇಲಿನ ಪ್ರಯೋಗಗಳೂ ಬಂದವು. ಪಾಶ್ಚಾತ್ಯ ಬುದ್ಧಿಮತ್ತೆ ಪರೀಕ್ಷೆಗಳನ್ನು ಇಲ್ಲಿಗೆ ಹೊಂದಿಸುವ ಕೆಲಸಕ್ಕೂ ಅವರು ಕೈಹಾಕಿದರು.

ಈ ಕೊನೆಯ ಕೆಲಸವನ್ನು ಹಗುರವಾಗಿ ನೋಡುವಂತಿಲ್ಲ. ಲಂಡನ್ನಿನ ಮಗುವಿಗೆ ಬರೆದ ಪ್ರಶ್ನೆಯನ್ನು ಅರಕಲಗೂಡಿನ ಮಗುವಿಗೆ ಕೇಳಿ, ಉತ್ತರ ಬರಲಿಲ್ಲ ಅಂತ ದಡ್ಡ ಅನ್ನೋದು ವಿಜ್ಞಾನವಲ್ಲ. ಅದೂ ಮಿಲ್ಲರ್ ಸಮಿತಿಯ ಮೀಸಲಾತಿ ಶಿಫಾರಸಿನ ಹೊತ್ತಲ್ಲಿ ಪ್ರತಿಭೆ ಯಾರ ಸ್ವತ್ತು ಅಂತ ಜಗಳವಾಡಿದ್ದ ಸಂಸ್ಥಾನ ನಮ್ಮದು. ಹುಟ್ಟಿನಿಂದಲೇ ಬುದ್ಧಿ ಬರುತ್ತದೆ ಅನ್ನುವವರ ಕೈಗೆ ಇಂಥ ಅಂಕಿ ಸಿಕ್ಕರೆ ಏನಾಗುತ್ತದೆ ಅಂತ ಊಹಿಸಬಹುದು. ಉತ್ತರ ಕರ್ನಾಟಕದ ಕಡೆ ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆಯೇ ಪರೀಕ್ಷಿಸಿ ಬಿನೆ ಪರೀಕ್ಷೆಯನ್ನು ಹೊಸದಾಗಿ ಹೊಂದಿಸಿ, 1940ರಲ್ಲಿ ಪುಸ್ತಕ ತಂದರು. ಮಗುವಿನ ಬೌದ್ಧಿಕ ಅಂಗವೈಕಲ್ಯ ಅಳೆಯಲು ಬಿನೆ-ಕಾಮತ್ ಪರೀಕ್ಷೆ ಇನ್ನೂ ಬಳಕೆಯಲ್ಲಿದೆ.

ಇನ್ನು ಎಲ್ಲರಿಗೂ ಗೊತ್ತಿರುವ ಗೋಪಾಲಸ್ವಾಮಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಅವರು ರೇಡಿಯೋ ಪ್ರಸಾರ ಶುರುಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವಾಟ್. ಒಂದು ಸಾಮಾನ್ಯ ಸೀಲಿಂಗ್ ಫ್ಯಾನ್ ತಿರುಗಲು ಇದರ ಎರಡರಷ್ಟಾದರೂ ಬೇಕು. ಮೊದಲ ದಿನ ಕುವೆಂಪು ಕವಿತೆ ಓದಿದರು. ಸಂಗೀತ ಬಂತು, ಭಾಷಣ ಬಂತು. ಇತಿಹಾಸದ ಮೇಷ್ಟ್ರು ನಾ. ಕಸ್ತೂರಿಯವರಂಥ ಸಹೋದ್ಯೋಗಿಗಳು ಜೊತೆ ನಿಂತರು. ಖಾಸಗಿಯಾಗಿ ನಡೆಸಿ, 1942ರಲ್ಲಿ ಕೇಂದ್ರವನ್ನು ಸಂಸ್ಥಾನಕ್ಕೆ ಒಪ್ಪಿಸಿದರು. ಆ ಪುಟ್ಟ ಕೇಂದ್ರದ ಹೆಸರು ಆಕಾಶವಾಣಿ. 1950ರ ದಶಕದಲ್ಲಿ ಇಡೀ ಆಲ್ ಇಂಡಿಯಾ ರೇಡಿಯೋ ಆ ಹೆಸರನ್ನೇ ತನ್ನದಾಗಿಸಿಕೊಂಡಿತು.

ಮನಶ್ಶಾಸ್ತ್ರದ ಮೇಷ್ಟ್ರಿಗೆ ರೇಡಿಯೋ ಯಾಕೆ ಅಂತ ಕೇಳಬಹುದು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಜನ ಹೇಗೆ ಕಲಿಯುತ್ತಾರೆ ಅಂತ ಆಯಸ್ಸು ಪೂರ್ತಿ ಯೋಚಿಸಿದವರಿಗೆ, ಕಾಲೇಜಿಗೆ ಬರಲಾಗದವರ ಕಿವಿಗೆ ಪಾಠ ತಲುಪಿಸುವ ಯಂತ್ರ ಕಂಡರೆ ಸುಮ್ಮನಿರಲು ಆಗುತ್ತದೆಯೇ? ಅವರು ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರೂ ಆದರು, 1957ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಅವರ ಹೆಸರಿನ ಶಿಶುವಿಹಾರ ಈಗಲೂ ಇದೆ.

ಅವರ ಎರಡು ಕೆಲಸಗಳಲ್ಲಿ ರೇಡಿಯೋ ಕನ್ನಡದಲ್ಲಿ ಮಾತಾಡಿತು, ಹಟ್ಟಿಯವರೆಗೂ ಹೋಯಿತು. ಮನಶ್ಶಾಸ್ತ್ರ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಉಳಿದುಕೊಂಡಿತು. ಅದು ಆಸ್ಪತ್ರೆಯ ಬಾಗಿಲು ತಟ್ಟಿದ್ದು ಬೆಂಗಳೂರಿನಲ್ಲಿ, ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕಾಲಕ್ಕೆ. ಹೆಸರು ಹತ್ತಿರವಿದ್ದರೂ ಇವರು ಬೇರೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ಆಮೇಲೆ ವೈದ್ಯರಾದವರು. ಜನ ಹುಚ್ಚಾಸ್ಪತ್ರೆ ಅನ್ನುತ್ತಿದ್ದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ಮರುವರ್ಷವೇ ಅಲ್ಲಿ ವೈದ್ಯರಿಗೊಂದು ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗೆ ಇನ್ನೊಂದು ಡಿಪ್ಲೊಮಾ ಬಂತು. ಪುಸ್ತಕದ ಸೈಕಾಲಜಿ ವಾರ್ಡಿಗೆ ಬಂದು ರೋಗಿಯ ಪಕ್ಕ ಕೂರುವುದನ್ನು ಕಲಿತದ್ದು ಹೀಗೆ. ಎರಡೂ ಸಂಸ್ಥೆಗಳು 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು.

ಈಗ ಆ ಫೋನಿನ ಪ್ರಶ್ನೆಗೆ ಬರೋಣ. ಮೂರು ವರ್ಷದ ಪದವಿ ಮುಗಿಸಿದರೆ, ಅಥವಾ ಎಂಎ ಮಾಡಿದರೂ, ಮಗಳು ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಹೆಸರಿಗೆ ಕೇಳುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕ್ಲಿನಿಕಲ್ ಓದನ್ನು. ಇಷ್ಟು ವರ್ಷ ಇದ್ದ ಮುಖ್ಯ ದಾರಿ ಎಂಎ ನಂತರದ ಎರಡು ವರ್ಷದ ಎಂಫಿಲ್, ಅದೂ ಹಿರಿಯರ ಉಸ್ತುವಾರಿಯಲ್ಲಿ ರೋಗಿಗಳ ನಡುವೆ. ಯುಜಿಸಿ ಎಂಫಿಲ್ ಅನ್ನೇ ಕೈಬಿಡುವ ತೀರ್ಮಾನ ಮಾಡಿದ ಮೇಲೆ ಅದರ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ಹಾಗಾಗಿ ಫೀಸು ಕಟ್ಟುವ ಮೊದಲು ಕಾಲೇಜಿನ ಬಣ್ಣದ ಬ್ರೋಷರ್ ಬಿಟ್ಟು, ಆರ್‌ಸಿಐ ಮಾನ್ಯತೆಯ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಕ್ಲಿನಿಕ್ ಬೇಡ ಅಂದರೆ ಶಾಲೆ, ಕಂಪನಿ, ಸಂಶೋಧನೆ ಅಂತ ಬೇರೆ ದಾರಿಗಳಿವೆ.

ಕೆಲಸ ಇದೆಯಾ ಅಂದರೆ, ಬೇಕಾದಷ್ಟಿದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಆಗ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಗೋಪಾಲಸ್ವಾಮಿಯವರ ಎರಡು ಕೆಲಸಗಳು ಕೊನೆಗೂ ಒಂದೇ ತಂತಿಯಲ್ಲಿ ಸೇರಿದ್ದು ಇಲ್ಲಿ ಅಂತ ನನಗನ್ನಿಸುತ್ತದೆ.

ಆದರೆ ಫೋನಿನ ಆ ತುದಿಯಲ್ಲಿ ಕೂರುವವರು ಬೇಕಲ್ಲ. ನಿದ್ದೆ ಬರ್ತಿಲ್ಲ, ಎದೆ ಭಾರ, ಗಾಳಿ ಸೋಕಿದೆ ಅಂತ ನಮ್ಮ ಅಜ್ಜಿಯರು ಹೇಳುವುದರೊಳಗೆ ಖಿನ್ನತೆಯನ್ನು ಗುರುತಿಸಬಲ್ಲವರು ಬೇಕು. ಅದು ಇಂಗ್ಲಿಷ್ ಪುಸ್ತಕ ಬಾಯಿಪಾಠ ಮಾಡಿದವರಿಂದ ಆಗೋ ಕೆಲಸವಲ್ಲ. ಹೊಳೆನರಸೀಪುರದ ಕನ್ನಡ ಬಲ್ಲ, ಕ್ಲಿನಿಕಲ್ ತರಬೇತಿಯೂ ಆದ ಹುಡುಗಿಯಿಂದ ಆಗುತ್ತದೆ. ವಿಶ್ವವಿದ್ಯಾಲಯಗಳು ಕನ್ನಡದಲ್ಲಿ ಪಠ್ಯ ಕೊಡಲಿ, ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲಿ ತರಬೇತಿ ಸೀಟು ತೆರೆಯಲಿ. ಅಪ್ಪ-ಅಮ್ಮಂದಿರು ಸದ್ಯಕ್ಕೆ ಅವಳು ಓದಲಿ ಬಿಡಿ ಅಂದರೆ ಸಾಕು.